ಮನೆಗೊಂದು ಇ-ರೀಡರ್: ಯಾರಿಗೆ, ಯಾವ ಭಾಷೆಗೆ?

ಪ್ರಶ್ನೆ: ಮೇಡಂ, ನಮ್ಮ ಮನೆ ವಿಜಯನಗರದಲ್ಲಿ. ಮಗಳಿಗೆ 11 ವರ್ಷ, ಮಗನಿಗೆ 6. ಮಗಳು ಸಿಕ್ಕಿದ್ದನ್ನೆಲ್ಲ ಓದುತ್ತಾಳೆ, ಮಗನಿಗೆ ಚಿತ್ರ ಇದ್ದರೆ ಸಾಕು. ಅತ್ತೆಯವರಿಗೆ ಮಧ್ಯಾಹ್ನ ಕನ್ನಡ ಕಾದಂಬರಿ ಬೇಕೇ ಬೇಕು, ಆದರೆ ಈಚೆಗೆ ಸಣ್ಣ ಅಕ್ಷರ ಕಾಣುತ್ತಿಲ್ಲ. ಮೂವರಿಗೂ ಆಗುವ ಹಾಗೆ ಒಂದು ಇ-ರೀಡರ್ ತರೋಣ ಅಂತ ನಾನು. ಟ್ಯಾಬ್ ತಂದರೆ ಎಲ್ಲದಕ್ಕೂ ಆಗುತ್ತದೆ ಅಂತ ನಮ್ಮ ಯಜಮಾನರು. ಯಾವುದು ಸರಿ?
– ಒಬ್ಬ ಓದುಗರು, ವಿಜಯನಗರ

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಮೂರು ವಯಸ್ಸಿನವರು ಓದುವ ಮನೆ ನಿಮ್ಮದು. ನಾನು ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುವವಳು, ಇಂಥ ಪ್ರಶ್ನೆ ನನಗೆ ಪೋಷಕರಿಂದ ಬರುತ್ತಲೇ ಇರುತ್ತದೆ. ಎಲ್ಲರೂ ಕಂಪನಿಯ ಹೆಸರಿನಿಂದ ಶುರು ಮಾಡುತ್ತಾರೆ. ನಾನು ಮೊದಲು ಕೇಳುವುದು, ಓದುವವರು ಯಾವ ಭಾಷೆಯಲ್ಲಿ ಓದುತ್ತಾರೆ ಅಂತ. ಕನ್ನಡದ ಮನೆಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ.

ಯಾಕೆ ಅಂತ ಹೇಳುತ್ತೇನೆ. 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಇ-ರೀಡರ್ ಆದ ಕಿಂಡಲ್‌ನ ಆನ್‌ಲೈನ್ ಅಂಗಡಿಯಲ್ಲಿ ಭಾರತೀಯ ಭಾಷೆಗಳ ಪುಸ್ತಕ ಮಾರಲು ಶುರು ಮಾಡಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಇಂದಿಗೂ ನನಗೆ ಅದು ಬೇಸರದ ವಿಷಯ. ಕನ್ನಡದ ಇ-ಪುಸ್ತಕಗಳು ಬೇರೆ ಕಡೆ ಬೆಳೆದವು. ನಮ್ಮ ಬೆಂಗಳೂರಿನಲ್ಲೇ ಶುರುವಾದ ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡದ ಇ-ಪುಸ್ತಕವೂ ಸಿಗುತ್ತದೆ, ಕೇಳುವ ಪುಸ್ತಕವೂ ಸಿಗುತ್ತದೆ. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕಗಳಿವೆ. ಆದರೆ ಇವು ಫೋನ್, ಟ್ಯಾಬ್‌ಗಳ ಆ್ಯಪ್‌ಗಳು. ಕಿಂಡಲ್ ರೀಡರಿನಲ್ಲಿ ಹೊರಗಿನ ಆ್ಯಪ್ ಹಾಕಿಕೊಳ್ಳಲು ಬರುವುದಿಲ್ಲ. ಅಂದಮೇಲೆ ಅತ್ತೆಯವರಿಗೆ ಅಂತ ಕಿಂಡಲ್ ತಂದರೆ ಅವರ ಮಧ್ಯಾಹ್ನದ ಕಾದಂಬರಿ ಅದರಲ್ಲಿ ಸಿಗುವುದು ಕಷ್ಟ.

ಹಾಗಾಗಿ ಒಂದನ್ನೇ ಮೂವರಿಗೂ ಅನ್ನುವ ಯೋಚನೆ ಬಿಡಿ.

ಅತ್ತೆಯವರಿಗೆ ಟ್ಯಾಬ್ ಸರಿ, ಇಲ್ಲಿ ನಿಮ್ಮ ಯಜಮಾನರ ಮಾತು ನಿಜ. ಸುಮಾರು 10 ಇಂಚಿನದ್ದು, ಸಾಧಾರಣ ಬೆಲೆಯದ್ದೇ ಸಾಕು. ಮನೆಯಲ್ಲಿ ಹಳೆಯದು ಇದ್ದರೆ ಮೊದಲು ಅದನ್ನೇ ನೋಡಿ. ಅಕ್ಷರ ದೊಡ್ಡದು ಮಾಡಿಕೊಡಿ, ಬೆಳಕು ತಗ್ಗಿಸಿ. ಕಣ್ಣು ದಣಿದ ದಿನ ಅವರು ಪುಸ್ತಕ ಕೇಳಬಹುದು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಹಳೆಯ ಕನ್ನಡ ಪುಸ್ತಕಗಳು ಬಹುಪಾಲು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಪುಟದ ಫೋಟೋ ತೆಗೆದ ಹಾಗೆ ಅದು. ಅಕ್ಷರವನ್ನಷ್ಟೇ ದೊಡ್ಡದು ಮಾಡಲು ಆಗುವುದಿಲ್ಲ, ಇಡೀ ಪುಟವನ್ನೇ ಹಿಗ್ಗಿಸಿ ಆ ಕಡೆ ಈ ಕಡೆ ಎಳೆಯುತ್ತಾ ಓದಬೇಕು. 6 ಇಂಚಿನ ರೀಡರಿನಲ್ಲಿ ವಯಸ್ಸಾದವರಿಗೆ ಅದು ಹಿಂಸೆ.

ಈಗ ಮಗಳ ವಿಷಯ. ಅವಳಿಗೆ ಇ-ರೀಡರ್ ಕೊಡಿಸಿ ಅಂತ ನಾನು ಒತ್ತಿ ಹೇಳುತ್ತೇನೆ. ಟ್ಯಾಬ್‌ನಲ್ಲಿ ಕಥೆ ಓದುತ್ತಿರುವ ಮಗುವಿಗೆ ಪಕ್ಕದಲ್ಲೇ ಗೇಮ್ ಇರುತ್ತದೆ, ವಿಡಿಯೊ ಇರುತ್ತದೆ. ದೊಡ್ಡವರಿಗೇ ತಡೆಯಲು ಆಗುವುದಿಲ್ಲ, ಅಲ್ವಾ? ಇ-ರೀಡರಿನ ಪರದೆಯೇ ಬೇರೆ ಜಾತಿ, ಇ-ಇಂಕ್ ಅನ್ನುತ್ತಾರೆ. ಅದರೊಳಗೆ ಕೂದಲಿನ ದಪ್ಪದ ಗುಳಿಗೆಗಳಿರುತ್ತವೆ, ಗುಳಿಗೆಯೊಳಗೆ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ ತಾಗಿದಾಗ ಒಂದು ಬಣ್ಣ ಮೇಲೆ ಬರುತ್ತದೆ, ಇನ್ನೊಂದು ತಳಕ್ಕೆ ಹೋಗುತ್ತದೆ. ಪುಟ ಮೂಡಿದ ಮೇಲೆ ಅದು ಹಾಗೇ ನಿಲ್ಲಲು ಕರೆಂಟ್ ಬೇಡ. ಅದಕ್ಕೇ ಒಂದು ಸಲ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಬಾಲ್ಕನಿಯ ಬಿಸಿಲಿನಲ್ಲಿ ಕೂತರೂ ಅಕ್ಷರ ಚೆನ್ನಾಗಿ ಕಾಣುತ್ತದೆ. ವಿಡಿಯೊ ನೋಡಲು ಇದು ತೀರಾ ನಿಧಾನ, ಮಕ್ಕಳ ಮಟ್ಟಿಗೆ ಅದು ಒಳ್ಳೆಯದೇ.

ಕಡಿಮೆ ಬೆಲೆಯ 6 ಇಂಚಿನ ಕಿಂಡಲ್ ಅವಳಿಗೆ ಸಾಕು. ಪೇಪರ್‌ವೈಟ್ ಅನ್ನುವ ಕಿಂಡಲ್ ಸ್ವಲ್ಪ ದೊಡ್ಡದು, ನೀರಿಗೆ ತಡೆಯುತ್ತದೆ, ರಾತ್ರಿ ಬೆಳಕನ್ನು ಹಳದಿಗೆ ತಿರುಗಿಸಬಹುದು. 2024ರಲ್ಲಿ ಬಂದ ಮಾದರಿಗಳಲ್ಲಿ ಎರಡರಲ್ಲೂ ಅಕ್ಷರ ಒಂದೇ ಸಮ ಸ್ಪಷ್ಟ, ಇಂಚಿಗೆ 300 ಚುಕ್ಕಿ. ತಂದ ದಿನವೇ ಪೇರೆಂಟಲ್ ಕಂಟ್ರೋಲ್‌ಗೆ ಹೋಗಿ ಅಂಗಡಿ ಮತ್ತು ಬ್ರೌಸರ್ ಎರಡಕ್ಕೂ ಪಿನ್ ಹಾಕಿ. ಇಲ್ಲದಿದ್ದರೆ ನಿಮ್ಮ ಕಾರ್ಡಿನಲ್ಲಿ ಅವಳೇ ಪುಸ್ತಕ ಕೊಳ್ಳುತ್ತಾಳೆ. ಗಟ್ಟಿ ಕವರ್ ಮರೆಯಬೇಡಿ. ನಮ್ಮ ಶಾಲೆಯ ಹುಡುಗನೊಬ್ಬನ ರೀಡರ್ ಬ್ಯಾಗಿನಲ್ಲಿ ಸ್ಟೀಲ್ ಡಬ್ಬಿಯ ಕೆಳಗೆ ಸಿಕ್ಕಿ ಹಾಳಾಯಿತು. ಹೊರಗೆ ಗೀರು ಇಲ್ಲ, ಒಳಗಿನ ಪರದೆ ಒಡೆದಿತ್ತು. ಈ ಪರದೆ ಒತ್ತಡ ತಡೆಯುವುದಿಲ್ಲ.

ಅವಳು ಕನ್ನಡವನ್ನೂ ಅದರಲ್ಲೇ ಓದಲಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ಇಳಿಸಿಕೊಂಡು ಅಮೆಜಾನಿನ 'ಸೆಂಡ್ ಟು ಕಿಂಡಲ್' ಸೇವೆಯ ಮೂಲಕ ರೀಡರಿಗೆ ಕಳಿಸಬಹುದು, ಇಪಬ್ ಅನ್ನುವ ಇ-ಪುಸ್ತಕದ ಕಡತವನ್ನೂ ಅದು ತೆಗೆದುಕೊಳ್ಳುತ್ತದೆ.

ಆ್ಯಂಡ್ರಾಯ್ಡ್ ಇರುವ ಇ-ಇಂಕ್ ರೀಡರ್‌ಗಳೂ ಇವೆ, ಬೂಕ್ಸ್ ಅಂಥದ್ದು. ಕನ್ನಡದ ಆ್ಯಪ್ ಅದರಲ್ಲಿ ನಡೆಯುತ್ತದೆ. ಬೆಲೆ ಜಾಸ್ತಿ. ಕೊಳ್ಳುವ ಮುಂಚೆ ರಿಪೇರಿ ಎಲ್ಲಿ ಮಾಡುತ್ತಾರೆ ಅಂತ ಕೇಳಿ.

ಮಗನಿಗೆ ಯಾವುದೂ ಬೇಡ. ಬಣ್ಣದ ಇ-ಇಂಕ್ ಬಂದಿದೆ ನಿಜ, ಆದರೆ ಬಣ್ಣ ಇನ್ನೂ ಮಂಕು. 6 ವರ್ಷದವನಿಗೆ ದೊಡ್ಡ ಹಾಳೆಯ ಮೇಲೆ ದೊಡ್ಡ ಚಿತ್ರ ಬೇಕು, ಬೆರಳಿಟ್ಟು ತೋರಿಸಬೇಕು, ಅಜ್ಜಿಯ ತೊಡೆಯ ಮೇಲೆ ಕೂತು ಪುಟ ತಿರುಗಿಸಬೇಕು. ಒಂದು ಭಾನುವಾರ ಗಾಂಧಿನಗರದ ಸಪ್ನಾ ಪುಸ್ತಕದಂಗಡಿಗೆ ಕರೆದುಕೊಂಡು ಹೋಗಿ, ಅವನೇ ಆರಿಸಲಿ. ನಿಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳ ಪುಸ್ತಕ ಏನಿದೆ ಅಂತಲೂ ನೋಡಿ ಬನ್ನಿ.

ಇನ್ನೊಂದು ಮಾತು. ರೀಡರ್ ಮನೆಗೆ ಬಂದ ತಕ್ಷಣ ಒಂದು ಕನ್ನಡ ಕಥೆ ಹಾಕಿ ನೋಡಿ. ಒತ್ತಕ್ಷರಗಳು ಅಕ್ಷರದ ಕೆಳಗೆ ಸರಿಯಾಗಿ ಕೂತಿವೆಯಾ, ಬಿಡಿಬಿಡಿಯಾಗಿ ಚೆಲ್ಲಿಕೊಂಡಿವೆಯಾ ಅಂತ ಮಗಳ ಹತ್ತಿರವೇ ಓದಿಸಿ. ಇಪಬ್‌ನಲ್ಲಿ ಕೆಟ್ಟು ಕಂಡರೆ ಅದೇ ಕಥೆಯ ಪಿಡಿಎಫ್ ಹಾಕಿ, ರೀಡರನ್ನು ಅಡ್ಡ ತಿರುಗಿಸಿ ನೋಡಿ. ಎರಡೂ ಒಗ್ಗದಿದ್ದರೆ ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಕೊಟ್ಟುಬಿಡಿ.