ಕ್ಷಮಿಸುವುದೆಂದರೆ ಪಾಲು ಬಿಡುವುದೇ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ನೆಲೆಸಿರುವ ಶಿಕ್ಷಕಿ. ತವರು ಬೆಟಗೇರಿ; ಅಣ್ಣ ಮತ್ತು ನಾನು ಇಬ್ಬರೇ ಮಕ್ಕಳು. ಮನೆ ಅಪ್ಪನ ಹೆಸರಿನಲ್ಲಿದೆ, ಅವರು ಮೃತ್ಯುಪತ್ರ ಬರೆಯದೆ ತೀರಿಕೊಂಡರು. ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದ ಅವ್ವನನ್ನು ಅಣ್ಣ, ವೈನಿ ನೋಡಿಕೊಂಡರು. ಎರಡು ವರ್ಷದ ಹಿಂದೆ ಅವ್ವನೂ ಹೋದಳು. ಪಾಲಿನ ಮಾತು ಬಂದಾಗ ಅಣ್ಣ ಎಲ್ಲರೆದುರು, ‘ಒಂದ ರಾತ್ರಿ ಎದ್ದು ಅವ್ವಗ ನೀರ ಕೊಡಾಕ ಬರಲಿಲ್ಲ, ಈಗ ಪಾಲ ಕೇಳಾಕ ಬಂದಿ’ ಎಂದ. ಅಂದಿನಿಂದ ಮಾತಿಲ್ಲ. ಈಗ ಬಂಧುಗಳ ಕೈಯಲ್ಲಿ, ‘ಕ್ರೈಸ್ತಳಾದರೆ ಕ್ಷಮಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲಿ’ ಎಂದು ಹೇಳಿಕಳಿಸುತ್ತಿದ್ದಾನೆ. ಕರ್ತನ ಭೋಜನಕ್ಕೆ, ಅಂದರೆ ಚರ್ಚಿನಲ್ಲಿ ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರಕ್ಕೆ, ಹೋಗಲು ಮನಸ್ಸು ಅಂಜುತ್ತಿದೆ. ಸಹಿ ಹಾಕದಿದ್ದರೆ ಕ್ಷಮಿಸಿಲ್ಲವೆಂದೇ ಅರ್ಥವೇ?

ಉತ್ತರ: ಅಲ್ಲ, ತಂಗಿ. ಕ್ಷಮೆಯನ್ನೂ ಸಹಿಯನ್ನೂ ಒಂದೇ ಗಂಟಿನಲ್ಲಿ ಕಟ್ಟಿ ನಿಮ್ಮ ಮುಂದಿಟ್ಟಿರುವುದೇ ಮೊದಲ ತಪ್ಪು.

ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇನೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಮೃತ್ಯುಪತ್ರವಿಲ್ಲದೆ ತೀರಿಕೊಂಡವರ ಆಸ್ತಿಯಲ್ಲಿ ಹೆಂಡತಿಗೆ ಮೂರರಲ್ಲಿ ಒಂದು ಭಾಗ, ಉಳಿದ ಎರಡು ಭಾಗ ಮಕ್ಕಳಿಗೆ, ಅದರಲ್ಲಿ ಗಂಡು-ಹೆಣ್ಣೆಂಬ ಭೇದವಿಲ್ಲ. ಅವ್ವನೂ ಮೃತ್ಯುಪತ್ರ ಬರೆದಿಲ್ಲವಾದರೆ ಅವಳ ಭಾಗವೂ ನಿಮ್ಮಿಬ್ಬರಿಗೇ ಬರುತ್ತದೆ. ಅಂದರೆ ಮನೆಯಲ್ಲಿ ಅರ್ಧ ನಿಮ್ಮದು. ಅದನ್ನು ಬಿಡುವುದಾದರೆ ನೋಂದಾಯಿತ ಪತ್ರವೇ ಆಗಬೇಕು; ಮನಸ್ಸು ಕದಡಿರುವಾಗ ಅಂಥ ಪತ್ರಕ್ಕೆ ಸಹಿ ಹಾಕಬೇಡಿ.

ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಒಬ್ಬನು ಯೇಸುವಿನ ಬಳಿಗೆ ಬಂದು, ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳು ಎಂದು ಕೇಳುತ್ತಾನೆ. ಆತನು ಲೋಭದ ಬಗ್ಗೆ ಎಚ್ಚರಿಸುತ್ತಾನೆಯೇ ಹೊರತು, ಪಾಲು ಮಾಡುವವನಾಗಲು ಒಪ್ಪುವುದಿಲ್ಲ. ಆತನೇ ಒಪ್ಪದ ಕೆಲಸವನ್ನು ನಿಮ್ಮ ಬಂಧುಗಳು ಆತನ ಹೆಸರು ಹೇಳಿ ಮಾಡುತ್ತಿರುವುದನ್ನು ಓದಿ ನನಗೆ ನೋವಾಯಿತು.

ಇನ್ನು ನಿಮಗೆ ಹೇಳಬೇಕಾದ ಮಾತು. ಅಣ್ಣನ ಚುಚ್ಚುಮಾತನ್ನು ನೀವು ಅಕ್ಷರ ಬಿಡದೆ ಬರೆದಿದ್ದೀರಿ; ಆ ನಾಲ್ಕು ವರ್ಷ ಮಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ರಾತ್ರಿ ಎರಡಕ್ಕೆದ್ದು ಒದ್ದೆ ಬಟ್ಟೆ ತೆಗೆದು, ಬೆನ್ನಿಗೆ ಹುಣ್ಣಾಗದಂತೆ ಮಗ್ಗಲು ಬದಲಿಸಿ, ಚಮಚದಿಂದ ಗಂಜಿ ಕುಡಿಸಿದವರಿಗಷ್ಟೇ ಆ ದಣಿವು ಗೊತ್ತು. ಅವನು ಎಲ್ಲರೆದುರು ಹಾಗೆ ಅಂದದ್ದು ತಪ್ಪೇ. ಆದರೆ ಆ ಮಾತು ಪಾಲಿನ ಆಸೆಯಿಂದಷ್ಟೇ ಬಂದದ್ದಲ್ಲವೆಂದು ನನಗನಿಸುತ್ತದೆ. ‘ನೀವಿಬ್ಬರು ಬಹಳ ಮಾಡಿದಿರಿ’ ಎಂಬ ಮಾತು ನಿಮ್ಮ ಬಾಯಿಂದ ಅವನಿಗೂ ವೈನಿಗೂ ಸಿಕ್ಕಿರಲಿಕ್ಕಿಲ್ಲ.

ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಒಂದಾಗು ಎಂಬ ಮತ್ತಾಯನ ಸುವಾರ್ತೆಯ ಮಾತು ನಿಮಗೆ ಗೊತ್ತೇ ಇದೆ. ಅಲ್ಲಿರುವುದು ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದಲ್ಲ, ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎಂದು. ಆದ್ದರಿಂದ ಭೋಜನದಿಂದ ದೂರ ಉಳಿಯುವ ಬದಲು ಬೆಟಗೇರಿಗೆ ಹೋಗಿ. ಅದೇ ಸುವಾರ್ತೆಯ 18ನೆಯ ಅಧ್ಯಾಯ ಹೇಳುವಂತೆ ಮೊದಲು ನೀವಿಬ್ಬರೇ ಕುಳಿತು ಮಾತಾಡಿ. 1841ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಬಂದ ಊರದು. ತಲೆಮಾರುಗಳಿಂದ ಒಂದೇ ಸಭೆಯಲ್ಲಿ ಕೂಡಿ ಬೆಳೆದ ಮನೆತನಗಳಲ್ಲಿ ಮಧ್ಯಸ್ಥರಿಗೆ ಬರವಿಲ್ಲ. ಆದರೆ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ದಾಟುವ ಮಾತಿಗೆ ಕೊಂಬು ಮೂಡುತ್ತದೆ. ಇಬ್ಬರಿಂದಲೂ ಆಗದಿದ್ದರೆ ಮಾತ್ರ ಸಭಾಪಾಲಕರನ್ನು ಕರೆಯಿರಿ.

ಹೋದಾಗ ‘ನಿನ್ನನ್ನು ಕ್ಷಮಿಸಿದ್ದೇನೆ’ ಎಂದು ಮಾತು ತೆಗೆಯಬೇಡಿ. ಕೇಳುವವನಿಗೆ ಅದು ತೀರ್ಪಿನಂತೆ ಕೇಳುತ್ತದೆ. ಅವ್ವನ ಕೊನೆಯ ದಿನಗಳು ಹೇಗಿದ್ದವೆಂದು ಕೇಳಿ, ಅವನು ಹೇಳಿ ಮುಗಿಸುವವರೆಗೆ ಸುಮ್ಮನಿರಿ. ಬರಲಾಗದ್ದಕ್ಕೆ ನಿಮ್ಮ ಕಾರಣಗಳಿರಬಹುದು, ಅವು ಆಮೇಲೆ. ಅವನ ಮಾತು ನಿಮ್ಮನ್ನು ಎಷ್ಟು ನೋಯಿಸಿತೆಂಬುದನ್ನೂ ಮುಚ್ಚಿಡದೆ ಹೇಳಿ. ಪಾಲಿನ ವಿಷಯ ಆ ದಿನ ಬೇಡ. ಇನ್ನೊಂದು ದಿನ ವಕೀಲರೆದುರು ಕುಳಿತು, ಅವ್ವನ ಔಷಧೋಪಚಾರಕ್ಕೆ ಅವನು ಮಾಡಿದ ಖರ್ಚನ್ನೂ ಲೆಕ್ಕಕ್ಕೆ ಹಿಡಿದು ತೀರ್ಮಾನಿಸಿ. ಆಮೇಲೆ ಪ್ರೀತಿಯಿಂದ ಪಾಲು ಬಿಟ್ಟರೆ ಅದು ದಾನ, ಅದು ನಿಮ್ಮ ಇಷ್ಟ.

ಅವನು ಮಾತಾಡದಿದ್ದರೆ ಜಗಳವಾಡದೆ ತಿರುಗಿ ಬನ್ನಿ, ಕೆಲವು ತಿಂಗಳು ಬಿಟ್ಟು ಮತ್ತೆ ಹೋಗಿ. ನಿಮ್ಮಿಂದಾಗುವ ಮಟ್ಟಿಗೆ ಸಮಾಧಾನದಿಂದಿರಿ ಎಂದಷ್ಟೇ ಪೌಲನೂ ಕೇಳಿದ್ದು. ಮಾತಾಡಿದ ಮೇಲೂ ಮೊದಲಿನ ಸಲಿಗೆ ಬಾರದಿದ್ದರೆ ಧೈರ್ಯಗೆಡಬೇಡಿ: ಬೈಬಲಿನಲ್ಲಿ ಮುನಿದು ದೂರವಾಗಿದ್ದ ಅಣ್ಣತಮ್ಮಂದಿರಾದ ಯಾಕೋಬ, ಏಸಾವರು ತಬ್ಬಿಕೊಂಡು ಅತ್ತ ಮೇಲೆ ಒಬ್ಬನು ಸೇಯೀರಿಗೆ, ಇನ್ನೊಬ್ಬನು ಸುಕ್ಕೋತಿಗೆ ಹೋದರು, ತಂದೆಯನ್ನು ಸಮಾಧಿ ಮಾಡುವ ದಿನ ಇಬ್ಬರೂ ಬಂದರು.