ವೃದ್ಧಾಶ್ರಮದಲ್ಲಿ ಹಿರಿಯರ ಮಾನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಮ್ಮನಿಗೆ 81 ವರ್ಷ. ಮನೆಯಲ್ಲಿದ್ದಾಗ ಕೈ ಹಿಡಿದುಕೊಂಡರೆ ಬಚ್ಚಲಿಗೆ ನಡೆದೇ ಹೋಗುತ್ತಿದ್ದರು. ವೃದ್ಧಾಶ್ರಮಕ್ಕೆ ಸೇರಿಸಿ ತಿಂಗಳಾಗುವಷ್ಟರಲ್ಲಿ ಹಗಲೂ ರಾತ್ರಿ ಡಯಾಪರ್. ಕೇಳಿದರೆ ‘ಇಲ್ಲಿ ಎಲ್ಲರಿಗೂ ಹಾಗೇ’ ಎನ್ನುತ್ತಾರೆ. ಅಮ್ಮ ಮಾತನ್ನೇ ಕಡಿಮೆ ಮಾಡಿದ್ದಾರೆ. (ಶಿವಮೊಗ್ಗದ ಓದುಗರು)

ಉತ್ತರ: ಹಗಲಿನ ಡಯಾಪರ್ ಬಹಳ ಸಲ ಸಿಬ್ಬಂದಿಯ ಅನುಕೂಲಕ್ಕೆ. ಕರೆದಾಗ ಯಾರೂ ಬರುವುದಿಲ್ಲ, ಮಂಚ ಎತ್ತರ, ಬಚ್ಚಲು ದೂರ, ಲಂಗದ ಲಾಡಿ ಬಿಚ್ಚುವಷ್ಟರಲ್ಲಿ ತಡೆಯಲಾಗುವುದಿಲ್ಲ. ಎರಡು ಸಲ ಸೀರೆ ಒದ್ದೆಯಾದರೆ ಡಯಾಪರ್ ಹಾಕಿಬಿಡುತ್ತಾರೆ. ಆಮೇಲೆ ನಡಿಗೆ ನಿಲ್ಲುತ್ತದೆ, ಕಾಲಿನ ಬಲ ಕುಗ್ಗುತ್ತದೆ, ಕೊನೆಗೆ ಅದು ನಿಜಕ್ಕೂ ಬೇಕಾಗುತ್ತದೆ.

ಮೂತ್ರದ ಸೋಂಕು, ಮಲಬದ್ಧತೆ ಇದೆಯೇ ಎಂದು ಮೊದಲು ವೈದ್ಯರಿಗೆ ತೋರಿಸಿ. ಜೊತೆಗೆ, ಹೊತ್ತು ಗೊತ್ತುಮಾಡಿಕೊಂಡು ಬಚ್ಚಲಿಗೆ ಕರೆದೊಯ್ಯಲು ಹೇಳಿ: ಎದ್ದ ಕೂಡಲೇ, ತಿಂಡಿಯಾದ 20–30 ನಿಮಿಷಕ್ಕೆ, ಆಮೇಲೆ ಎರಡು ಗಂಟೆಗೊಮ್ಮೆ, ಮಲಗುವ ಮುಂಚೆ. ‘ಬರುತ್ತಾ ಅಜ್ಜಿ?’ ಎಂದು ಎಲ್ಲರೆದುರು ಕೂಗಿ ಕೇಳಿದರೆ ಸಂಕೋಚಕ್ಕೆ ಇಲ್ಲ ಎನ್ನುತ್ತಾರೆ. ‘ಬನ್ನಿ, ಹೋಗಿ ಬರೋಣ’ ಎನ್ನಬೇಕು. ಲಾಡಿಯ ಬದಲು ಎಲಾಸ್ಟಿಕ್ ಲಂಗ ಕೊಡಿ. ಮಂಚದ ಪಕ್ಕ ಕಮೋಡ್ ಕುರ್ಚಿ ಇಡುವುದಾದರೆ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು, ಸುತ್ತ ಪರದೆ ಇರಬೇಕು. ಪರದೆಯಿಲ್ಲದ ಹಾಲ್‌ನಲ್ಲಿ ಕಮೋಡ್ ಇಡುವುದಕ್ಕಿಂತ ಡಯಾಪರೇ ವಾಸಿ.

ನೀರಿನ ಲೋಟದ ಮೇಲೂ ಒಂದು ಕಣ್ಣಿರಲಿ. ಒದ್ದೆಯಾಗುತ್ತದೆಂದು ನೀರು ಕಡಿಮೆ ಕೊಡುವುದು ಸಾಮಾನ್ಯ. ಮೂತ್ರ ಗಟ್ಟಿಯಾದರೆ ಉರಿ, ಅವಸರ ಎರಡೂ ಹೆಚ್ಚುತ್ತವೆ. ಮಲ ಕಟ್ಟಿಕೊಂಡು ಮೂತ್ರಚೀಲವನ್ನು ಒತ್ತುತ್ತದೆ. ಹೃದಯ ಅಥವಾ ಕಿಡ್ನಿ ತೊಂದರೆಗೆ ವೈದ್ಯರು ಮಿತಿ ಹೇಳಿರದಿದ್ದರೆ ದಿನಕ್ಕೆ ಸುಮಾರು ಒಂದೂವರೆ ಲೀಟರ್, ಅದರಲ್ಲಿ ಹೆಚ್ಚಿನದು ಸಂಜೆ ಆರರೊಳಗೆ ಕುಡಿಯಲಿ.

ರಾತ್ರಿ ಡಯಾಪರ್ ಬೇಕೇ ಆದರೆ ಮೂರು ಗಂಟೆಗೊಮ್ಮೆ ನೋಡಬೇಕು, ಮಲವಾದರೆ ಆಗಲೇ ಬದಲಿಸಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಮುಂದಿನಿಂದ ಹಿಂದಕ್ಕೆ ಒರೆಸಿ, ಉಜ್ಜದೆ ಬಟ್ಟೆ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಮುಲಾಮು ತೆಳ್ಳಗೆ ಹಚ್ಚಲಿ. ಪೌಡರ್ ಬೇಡ, ಬೆವರಿಗೆ ಗಂಟಾಗಿ ಚರ್ಮ ಕೆರೆಯುತ್ತದೆ. ಒಂದರ ಮೇಲೊಂದು ಎರಡು ಡಯಾಪರ್ ಹಾಕಿದರೆ ಒಳಗಿನದರ ಪ್ಲಾಸ್ಟಿಕ್ ಹೊದಿಕೆ ತೇವವನ್ನು ಆಚೆ ಬಿಡುವುದಿಲ್ಲ, ಬಿಸಿ ಮಾತ್ರ ಹೆಚ್ಚುತ್ತದೆ. ನೀವು ಹೋದಾಗ ಬೆನ್ನಿನ ಕೆಳಮೂಳೆ, ಸೊಂಟದ ಪಕ್ಕ, ಹಿಮ್ಮಡಿ ಮುಟ್ಟಿ ನೋಡಿ. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ; ಆ ಜಾಗ ಕಪ್ಪಾಗಿದ್ದರೆ, ಬಿಸಿ ಅಥವಾ ಗಟ್ಟಿ ಅನ್ನಿಸಿದರೆ ಹಾಸಿಗೆ ಹುಣ್ಣು ಶುರುವಾಗಿರಬಹುದು.

ಪ್ರಶ್ನೆ: ಹೇನು ಎಂದು ಹೇಳಿ ನಮ್ಮ ಅತ್ತೆಯ ಕೂದಲನ್ನು ಪೂರ್ತಿ ತೆಗೆಸಿದ್ದಾರೆ. ಇದು ಸರಿಯೇ? (ಹಾಸನದ ಓದುಗರು)

ಉತ್ತರ: ಸರಿಯಲ್ಲ. ಗಂಡ ಸತ್ತ ಹೆಂಗಸರ ತಲೆ ಬೋಳಿಸುತ್ತಿದ್ದುದನ್ನು ಕಣ್ಣಾರೆ ಕಂಡ ತಲೆಮಾರು ಅದು. ಹೇನಿಗೆ 1% ಪರ್ಮೆಥ್ರಿನ್ ಲೋಷನ್ ಇದೆ: ತೊಳೆದು ಒರೆಸಿದ ಕೂದಲಿಗೆ ಹಚ್ಚಿ, 10 ನಿಮಿಷ ಬಿಟ್ಟು ತೊಳೆದು, ಸೀರಣಿಗೆಯಲ್ಲಿ ಬಾಚಬೇಕು. ಸೀರಿನಿಂದ ಮರಿ ಹೊರಡುವುದರಿಂದ 9ನೇ ದಿನ ಮತ್ತೊಮ್ಮೆ. ಅಕ್ಕಪಕ್ಕದ ಹಾಸಿಗೆಯವರ ತಲೆಯನ್ನೂ ಅದೇ ದಿನ ನೋಡಬೇಕು; ಒಬ್ಬರಿಗಷ್ಟೇ ಮಾಡಿ ಬಿಟ್ಟರೆ ವಾರದಲ್ಲಿ ಮರಳಿ ಬರುತ್ತದೆ.

ಪ್ರಶ್ನೆ: ರಾತ್ರಿ ಎದ್ದು ಬೀಳುತ್ತಾರೆಂದು ಅಪ್ಪನ ಕೈಯನ್ನು ಮಂಚಕ್ಕೆ ಕಟ್ಟಲು ನಮ್ಮ ಸಹಿ ಕೇಳುತ್ತಿದ್ದಾರೆ. ಹಾಕಬೇಕೇ? (ಧಾರವಾಡದ ಓದುಗರು)

ಉತ್ತರ: ಹಾಕಬೇಡಿ. ಕಟ್ಟಿದವರು ಜಗ್ಗಾಡಿ ಮಣಿಕಟ್ಟು ಗಾಯ ಮಾಡಿಕೊಳ್ಳುತ್ತಾರೆ. ಮಂಚಕ್ಕೆ ಕಂಬಿ ಹಾಕಿದರೂ ಅದನ್ನು ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುವುದುಂಟು. ಏಕೆ ಏಳುತ್ತಾರೆ ಎಂದು ಹುಡುಕಿ: ಮೂತ್ರ, ನೋವು, ಹಸಿವು, ಹೊಸದಾಗಿ ಕೊಟ್ಟ ನಿದ್ರೆ ಮಾತ್ರೆ. ಒಂದೆರಡು ದಿನದಲ್ಲಿ ದಿಢೀರನೆ ಗೊಂದಲ ಶುರುವಾಗಿದ್ದರೆ ಸೋಂಕಿರಬಹುದು, ಅಂದೇ ವೈದ್ಯರಿಗೆ ತೋರಿಸಿ. ತಗ್ಗಿನ ಮಂಚ, ಪಕ್ಕದಲ್ಲಿ ನೆಲಕ್ಕೊಂದು ಹಾಸಿಗೆ, ಬಚ್ಚಲ ದಾರಿಯಲ್ಲಿ ಮಂದ ದೀಪ ಕೇಳಿ. ಆಶ್ರಮದವರು ಒಪ್ಪದಿದ್ದರೆ ಹಿರಿಯ ನಾಗರಿಕರ ಉಚಿತ ಸಹಾಯವಾಣಿ 14567ಕ್ಕೆ ಕರೆ ಮಾಡಿ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೂ ಲಿಖಿತ ದೂರು ಕೊಡಿ.

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ವೃದ್ಧಾಶ್ರಮದಲ್ಲಿ ಊಟ ಹಾಕಿಸಬೇಕೆಂದಿದ್ದೇವೆ. ಏನು ಗಮನಿಸಬೇಕು? (ಮೈಸೂರಿನ ಓದುಗರು)

ಉತ್ತರ: ಹೊತ್ತನ್ನು. ಹನ್ನೆರಡೂವರೆಗೆ ಉಣ್ಣುವವರನ್ನು ಕೇಕ್ ಬರಲಿ, ಭಾಷಣ ಮುಗಿಯಲಿ ಎಂದು ಎರಡು ಗಂಟೆವರೆಗೆ ಕೂರಿಸಿದರೆ, ಇನ್ಸುಲಿನ್ ತೆಗೆದುಕೊಂಡವರ ಸಕ್ಕರೆ ಕುಸಿದು ತಲೆಸುತ್ತಿ ಬೀಳಬಹುದು. ಮೊದಲು ಬಡಿಸಿ, ಹಾಡು ಆಮೇಲೆ. ಆ ವಾರ ಎಷ್ಟು ಹೋಳಿಗೆ ಊಟ ಬಂದಿದೆ ಎಂದೂ ವಿಚಾರಿಸಿ.

ತಟ್ಟೆ ಹಿಡಿಸಿ ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಬೇಡಿ. ಬೆಂಗಳೂರಿನ ಮಗನ ಮನೆಯಲ್ಲಿದ್ದೇನೆ ಎಂದು ಊರಿನವರಿಗೆ ಹೇಳಿಕೊಂಡವರು ಅಲ್ಲಿರುತ್ತಾರೆ. ಅನ್ನ ಹಾಕಿದವರೆದುರು ‘ಬೇಡ’ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ, ಆದ್ದರಿಂದ ಅನುಮತಿ ಕೇಳಿದೆವು ಎನ್ನುವುದೂ ಅಷ್ಟಕ್ಕಷ್ಟೇ. ಉಡುಗೊರೆಗೆ ಹಣ್ಣು, ಬೆಡ್‌ಶೀಟ್ ಸಾಕಷ್ಟು ಬಂದಿರುತ್ತವೆ. ಶ್ರವಣಯಂತ್ರದ ಬ್ಯಾಟರಿ ಮುಗಿದು ತಿಂಗಳುಗಟ್ಟಲೆ ಕಿವಿ ಕೇಳದೆ ಕೂತವರಿದ್ದಾರೆಯೇ ಎಂದು ಕೇಳಿ. ಕೊಳ್ಳುವ ಮುಂಚೆ ಅಳತೆಯ ಸಂಖ್ಯೆ ಬರೆದುಕೊಳ್ಳಿ: 10, 312, 13 ಅಥವಾ 675. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.