ಕೆಲಸದಲ್ಲಿ ಪಳಗಿದವರು ಹೊಸಬರಿಗೆ ಕಲಿಸುವಾಗ ಯಾಕೆ ತಡವರಿಸುತ್ತಾರೆ?

ಕಲಿಸುವುದು ಬೇರೆಯದೇ ಕೆಲಸ, ಅದನ್ನೂ ಕಲಿಯಬೇಕು. ವರ್ಷಗಟ್ಟಲೆ ಮಾಡಿದ್ದು ಕೈಗೆ ಕೂತುಬಿಟ್ಟಿರುತ್ತದೆ, ಹಾಗಾಗಿ ಹೇಳುವಾಗ ಅರ್ಧ ಹೆಜ್ಜೆಗಳು ಬಿಟ್ಟುಹೋಗುತ್ತವೆ. ಸ್ಕ್ರೂ ಬಿಗಿ ಮಾಡುವವರಿಗೆ ಎಷ್ಟು ಸಾಕು ಅಂತ ಬೆರಳಿಗೇ ಗೊತ್ತು, ಬಾಯಿಗೆ ಬರುವುದಿಲ್ಲ.

ಅದಕ್ಕೇ ಮೊದಲು ಅವರಿಂದ ಕೆಲಸವನ್ನು ಬಿಡಿಸಿ ಬರೆಸಿ: ಒಂದೊಂದು ಹೆಜ್ಜೆ, ಎಲ್ಲಿ ಎಚ್ಚರ ಬೇಕು, ಯಾಕೆ ಹಾಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳ ಮೇಲ್ವಿಚಾರಕರಿಗೆ ಇದನ್ನೇ 10 ಗಂಟೆಯ ತರಬೇತಿಯಲ್ಲಿ ಹೇಳಿಕೊಟ್ಟರು. ಆಮೇಲೆ ಹೊಸಬರ ಕೈಯಲ್ಲೇ ಮಾಡಿಸಬೇಕು, ಮಾಡುತ್ತಲೇ ವಿವರಿಸಲು ಹೇಳಬೇಕು. ಸುಮ್ನೆ ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ಹೂಂ ಅಂತಾರೆ, ಅಲ್ವಾ?

ಇನ್ನೊಂದು ಮಾತು. ಕಲಿಸುವ ದಿನ ಅವರ ಮಾಮೂಲಿ ಕೆಲಸದ ಹೊರೆ ಇಳಿಸಿ. ಇದನ್ನು ತುಂಬಾ ಕಡೆ ಮರೆಯುತ್ತಾರೆ.